ಸೂಜಿ ಹುಡುಕುವ ಕಿರುಚಪ್ಪ

ಮಾರ್ಚ್ ೯, ಭಾನುವಾರ

ಚಿನ್ನು ಮಗಳೇ,

ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಪತ್ರ ತಡವಾದದ್ದಕ್ಕೆ ಬೈಯಬೇಡ. ಬೈಯುವುದೇ ಆದರೆ ಬರೆದು ಬೈ, ಆ ನೆಪದಲ್ಲಾದರೂ ನಿನ್ನ ಅಕ್ಷರ ನೋಡುತ್ತೇನೆ. ಕಾಲೇಜಿನಲ್ಲಿ ಆಯುಷ್ಯವೆಲ್ಲ ಭೌತಶಾಸ್ತ್ರ ಹೇಳಿದವನು ಈಗ ಮೊದಲ ಸಲ ಅದನ್ನು ಮಾಡಿ ನೋಡುತ್ತಿದ್ದೇನೆ. ನನ್ನ ಪಾಠಕ್ಕೆ ಹುಡುಗರು ಯಾಕೆ ತೂಕಡಿಸುತ್ತಿದ್ದರೆಂದು ಈಗ ತಿಳಿಯಿತು.

ನಿನ್ನಮ್ಮನಿಗಾಗಿ ಸೂಜಿ ಹುಡುಕುವ ಯಂತ್ರವೊಂದನ್ನು ಕಟ್ಟಿದ್ದೇನೆ. ಪ್ಲಾಸ್ಟಿಕ್ ಮುಚ್ಚಳಕ್ಕೆ ಸುತ್ತಿದ ತಾಮ್ರದ ತಂತಿ, ಹಳೆಯ ರೇಡಿಯೊದ ಸ್ಪೀಕರ್, ಒಂದು ಬ್ಯಾಟರಿ. ಎರಡು ಬೆರಳಿನಷ್ಟು ಹತ್ತಿರ ಲೋಹ ಬಂದರೆ 'ಕುಂಯ್' ಎನ್ನುತ್ತದೆ, ಅದರಾಚೆಗೆ ಕುರುಡು. ಅಮ್ಮ ಅದಕ್ಕೆ 'ಕಿರುಚಪ್ಪ' ಎಂದು ಹೆಸರಿಟ್ಟಿದ್ದಾಳೆ. ಹೀಗೆ ಮನೆಯಲ್ಲಿ ಅಪ್ಪಂದಿರು ಇಬ್ಬರಾದೆವು.

ಅಮ್ಮ ನಿನ್ನ ಪುಟ್ಟಿಗೆ ಹೊಲಿದುಕೊಟ್ಟ ಫ್ರಾಕಿನ ತೋಳಿನಲ್ಲಿ ಮುರಿದ ಸೂಜಿಯ ಮೊನೆ ಉಳಿದು, ಮಗುವಿಗೆ ಚುಚ್ಚಿ ಕೀವಾಯಿತಲ್ಲ, ಅಂದೇ ಅಮ್ಮ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿದಳು. ಅಳಿಯಂದಿರು ಬಾಗಿಲಲ್ಲಿ ನಿಂತು, "ಇನ್ಮೇಲೆ ಈ ಮನೆ ಬಟ್ಟೇನೂ ಬೇಡ, ಈ ಮನೇನೂ ಬೇಡ" ಅಂದರು. ಅವರ ಸಿಟ್ಟು ನ್ಯಾಯವಾದದ್ದೇ. ಆಮೇಲೆ ಇಲ್ಲಿ ಸೂಜಿ ಬಿದ್ದರೂ ಕೇಳಿಸುವಷ್ಟು ಮೌನ. ನೋಡಿದರೆ ಕಿರುಚಪ್ಪನ ಅಗತ್ಯವೇ ಇರಲಿಲ್ಲ.

ಯಂತ್ರ ಸಿದ್ಧವಾದ ದಿನ ಅಮ್ಮ ಒಂದು ದಿಂಬಿನ ಚೀಲ ಹೊಲಿದು ತಂದು ಕಿರುಚಪ್ಪನನ್ನು ಅದರ ಮೇಲೆ ಸವರಿದಳು. ಕುಂಯ್. ಹೊಲಿಗೆಯನ್ನೆಲ್ಲ ಬಿಚ್ಚಿದಳು, ಸೂಜಿಯಿಲ್ಲ. ಮತ್ತೆ ಸವರಿದಳು, ಕುಂಯ್. ಕೊನೆಗೆ ಬರಿಗೈ ಚಾಚಿದಳು, ಅದಕ್ಕೂ ಕುಂಯ್.

"ನೋಡ್ರೀ, ಸೂಜಿ ನನ್ನ ಕೈಯಲ್ಲೇ ಇದೆ," ಎಂದು ಕುಸಿದು ಕೂತಳು.

"ಅಯ್ಯೋ ಪೆದ್ದೀ, ಅದು ಉಂಗುರ ಕಣೇ!"

"ಅದನ್ನ ಹಾಕಿದ್ದು ನೀವೇ ಅಲ್ವಾ? ಹಾಗಾದ್ರೆ ತಪ್ಪು ನಿಮ್ಮದು."

ಸೋಪು ಹಚ್ಚಿ ಎಳೆದೂ ಎಳೆದೂ ತೆಗೆದೆವು. ಮದುವೆಯಾದ ಮೇಲೆ ಆ ಉಂಗುರ ಕಳಚಿದ್ದು ಇದೇ ಮೊದಲು. ನನಗಂತೂ ಬಿಡುಗಡೆ ಸಿಗಲಿಲ್ಲ.

ನಿನ್ನೆ ಅವಳು ಪುಟ್ಟಿಗೊಂದು ಹಳದಿ ಫ್ರಾಕು ಮುಗಿಸಿದಳು. ಕೊಕ್ಕೆಯಿಲ್ಲ, ಜಿಪ್ಪಿಲ್ಲ, ಬೆನ್ನಿಗೆ ಬಟ್ಟೆಯದೇ ಲಾಡಿ. ಕಿರುಚಪ್ಪನಿಗೆ ಬಾಯಿ ತೆರೆಯಲು ನೆಪವೇ ಇರಬಾರದಂತೆ. ಅಂಗುಲ ಅಂಗುಲ ಸವರಿದಳು. ಅವನು ತುಟಿಪಿಟಕ್ಕೆನ್ನಲಿಲ್ಲ. ಕೆಟ್ಟುಹೋಗಿದ್ದಾನೇನೋ ಎಂದು ಒಂದು ಸೂಜಿ ತೋರಿಸಿ ಕಿರುಚಿಸಿದಳು, ಮತ್ತೆ ಮೊದಲಿನಿಂದ ಸವರಿದಳು, ಆಮೇಲೆ ನನ್ನ ಕೈಯಲ್ಲಿ ಸವರಿಸಿದಳು. ನನಗೆ ಸಾಕಾಗಿಹೋಗಿದೆ ಮಗಳೇ, ಅವಳಿಗೆ ಸಾಕಾಗುತ್ತಿಲ್ಲ.

ಫ್ರಾಕಿನ ಜೊತೆ ಕಿರುಚಪ್ಪನನ್ನೂ ಕಳಿಸುತ್ತೇನೆ. ನಮ್ಮ ಮಾತು ಬೇಡ, ಅಳಿಯಂದಿರೇ ಸವರಿ ನೋಡಲಿ.

ಎಲ್ಲರೂ ನೂರು ಕಾಲ ತಣ್ಣಗಿರಿ. ಪುಟ್ಟಿಯ ತಲೆಯ ಮೇಲೆ ನಮ್ಮಿಬ್ಬರ ಕೈಯೂ ಇದೆ ಎಂದುಕೋ.

ನಿನ್ನ,
ಕಿರುಚದ ಅಪ್ಪ

ಮರೆತಿದ್ದೆ: ಫ್ರಾಕನ್ನು ಇನ್ನೂ ಪೊಟ್ಟಣ ಕಟ್ಟಿಲ್ಲ. ಅಮ್ಮ ಹೊಲಿದದ್ದು ಹಳೆಯ ಅಳತೆಗೆ, ಮಗು ಕೊನೆಯ ಸಲ ಬಂದಾಗ ಇದ್ದಷ್ಟಕ್ಕೆ. ಈಗ ಎಷ್ಟು ಬೆಳೆದಿದ್ದಾಳೋ ನಮಗೆ ಗೊತ್ತಿಲ್ಲ. "ಕೆಳಗೆ ಮಡಿಕೆ ಬಿಟ್ಟಿದೀನಿ, ಎಷ್ಟು ಬಿಚ್ಚಲಿ ಅಂತ ಕೇಳ್ರೀ" ಅನ್ನುತ್ತಾಳೆ. ಬರೆಯಲು ಮನಸ್ಸು ಬಾರದಿದ್ದರೆ ಬೇಡ. ಮಗುವನ್ನು ನೆಟ್ಟಗೆ ನಿಲ್ಲಿಸಿ, ಭುಜದಿಂದ ಮಂಡಿಯವರೆಗೆ ಒಂದು ದಾರ ಹಿಡಿದು ಕತ್ತರಿಸು. ಲಕೋಟೆಯಲ್ಲಿ ಆ ದಾರವೊಂದನ್ನೇ ಹಾಕು.