ಲುರಾ ಉಂಡಿಲ್ಲ

ಜುಲೈ 14, ಭಾನುವಾರ. ಬೆಳಗ್ಗೆ 9

ನೀರಿನ ತೊಟ್ಟಿ ತೊಳೆದದ್ದಾಯಿತು. ಹಾಸಿದ ಪೇಪರ್ ಬದಲಾಯಿಸಿದ್ದಾಯಿತು. ಗೂಡಿನೊಳಗೆ 31 ಡಿಗ್ರಿ. ಲುರಾ ಪೊರೆಯನ್ನು ಒಂದೇ ಉದ್ದಕ್ಕೆ ಬಿಟ್ಟಿದ್ದಾಳೆ, ಕಣ್ಣಿನ ಮೇಲಿನದೂ ಉಳಿದಿಲ್ಲ. ಖುಷಿಯಾಯಿತು. ಗ್ಯಾರೇಜಿನ ಜೊತೆಗಾರ ಪಾರ್ದಿ ಟೇಪು ಹಿಡಿದ—ಹಾವು ನಾಲ್ಕೂ ಮುಕ್ಕಾಲು ಮೀಟರ್. ಅವನು ಬಾಲದ ಕಡೆ, ನಾನು ತಲೆಯ ಕಡೆ. ಮೂರು ಮೀಟರ್ ದಾಟಿದ ಹೆಬ್ಬಾವನ್ನು ಒಬ್ಬನೇ ಮುಟ್ಟಬಾರದು. ಎಂಟು ವರ್ಷದಲ್ಲಿ ಒಮ್ಮೆಯೂ ಮುಟ್ಟಿಲ್ಲ. ಬಾಗಿಲು ತೆರೆದೊಡನೆ ಕೊಕ್ಕೆಯಿಂದ ಮೈ ತಟ್ಟುವುದು—ಇವತ್ತು ಊಟವಿಲ್ಲ ತಾಯಿ, ಎಂದು. ಅವಳಿಗೆ ಅರ್ಥವಾಗುತ್ತದೆ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಮಗಳು ಮುರ್ನಿಯ ಏಳು ತಿಂಗಳ ಶಾಸ್ತ್ರಕ್ಕೆ ಬಂದವರು ಹೋಗಲೇ ಇಲ್ಲ. ಹಾವಿನ ಹೆಸರು ಕೇಳಿದಾಗಲೇ ಅವರಿಗೆ ಮೊದಲ ಸಿಟ್ಟು. ಅವರ ಅಣ್ಣ ಹನ್ನೆರಡು ವರ್ಷ ಊರಿನ ಲುರಾ, ಅಂದರೆ ಮುಖ್ಯಸ್ಥ, ಆಗಿದ್ದವರು. ತಿನ್ನುವುದು, ಮಲಗುವುದು, ಜನ ಬಂದರೆ ನಾಲಿಗೆ ಆಡಿಸುವುದು... ಬೇರೆ ಯಾವ ಹೆಸರಿಡಲಿ?

ಎರಡನೆಯ ಸಿಟ್ಟು ಕೋಣೆಯದು. ಮನೆಯಲ್ಲಿ ಇರುವುದೇ ಎರಡು. ಒಂದು ನಮ್ಮದು, ಒಂದು ಲುರಾಳದು. ಮಗುವಿನದೆಲ್ಲಿ?

ಜುಲೈ 20

ಗರ್ಭಿಣಿಯ ಗಂಡ ಯಾವ ಪ್ರಾಣಿಯನ್ನೂ ಕೊಲ್ಲಬಾರದು, ಕೊಂದರೆ ಮಗುವಿಗೆ ಕೇಡು ಅಥವಾ ಊನ. ಮುರ್ನಿಗೆ ಮೂರು ತಿಂಗಳಾದಾಗಲೇ ಅತ್ತೆಗೆ ಮಾತು ಕೊಟ್ಟಿದ್ದೆ. ಅಂದಿನಿಂದ ಲುರಾಳ ಮೊಲಗಳನ್ನು ಪಾರ್ದಿ ಕೊಂದು ಕೊಡುತ್ತಿದ್ದ. ಜೀವಂತ ಬಿಟ್ಟರೆ ಮೊಲ ಕಚ್ಚಿ ಹಾವಿಗೇ ಗಾಯ. ಇವತ್ತು ಅತ್ತೆಗೆ ಗೊತ್ತಾಯಿತು.

“ಜಾವಾದವನಾಗಿ ಹುಟ್ಟಿ ಇಷ್ಟೂ ಗೊತ್ತಿಲ್ವಾ? ನೀನು ಹೇಳಿ ಕೊಲ್ಲಿಸಿದ್ರೆ ಕತ್ತಿ ನಿನ್ನ ಕೈಲೇ ಇದ್ದ ಹಾಗೆ.”

ನಂಬುವವನಲ್ಲ ನಾನು. ಆದರೆ ಹೋದ ವರ್ಷ ಮಗು ನಿಲ್ಲಲಿಲ್ಲ. ಆ ವಾರ ನಾನು ಎರಡು ಮೊಲ ಕೊಂದಿದ್ದೆ. ಯಾರಿಗೂ ಹೇಳಿಲ್ಲ. ಇಲ್ಲಿ ಮಾತ್ರ ಬರೆದಿದ್ದೇನೆ. ಇನ್ನು ಮೊಲವಿಲ್ಲ.

ಪಾರ್ದಿ ಸೋಮವಾರ ಕಡಲಾಚೆಯ ಕಾಲಿಮಾಂತಾನ್‌ಗೆ ಹೊರಟ. ಗಣಿಯಲ್ಲಿ ಮೆಕ್ಯಾನಿಕ್ ಕೆಲಸ ಸಿಕ್ಕಿದೆ. ಇನ್ನು ಬಾಲ ಹಿಡಿಯುವವರೂ ಇಲ್ಲ.

ಆಗಸ್ಟ್ 4

ಲುರಾ ಉಂಡು ಒಂದು ತಿಂಗಳಾಯಿತು. ಗ್ಯಾರೇಜಿನಿಂದ ಬರುವಾಗ ಸಂತೆಯಲ್ಲಿ ಸುಲಿದ ಕೋಳಿ ಎರಡು ತಂದೆ. ಅದು ಯಾರಿಗೋ ಎಂದು ಕೊಂದದ್ದು, ನನಗೆಂದಲ್ಲ, ಅತ್ತೆಯೂ ಒಪ್ಪಿದರು. ಬಿಸಿನೀರಲ್ಲಿ ಇಟ್ಟು ಬೆಚ್ಚಗೆ ಮಾಡಿ ಇಕ್ಕಳದಲ್ಲಿ ಹಿಡಿದೆ. ಮೂಸಿದಳು. ತಲೆ ತಿರುಗಿಸಿದಳು. ಪುಕ್ಕವೋ ತುಪ್ಪಳವೋ ಇಲ್ಲದ್ದು ಅವಳಿಗೆ ಊಟವೇ ಅಲ್ಲ.

ದಿನವಿಡೀ ಗಾಜಿನುದ್ದಕ್ಕೂ ಓಡಾಡುತ್ತಾಳೆ. ಆ ಕಡೆಯಿಂದ ಈ ಕಡೆಗೆ. ಮೂಗಿನ ತುದಿ ಕೆಂಪಾಗಿದೆ. ನಾನೂ ಹಾಗೇ—ಗ್ಯಾರೇಜಿನಲ್ಲಿ ಕೂರಲಾಗದು, ಮನೆಯಲ್ಲಿ ನಿಲ್ಲಲಾಗದು.

ಮುರ್ನಿಯ ಕಾಲು ಬಾತಿದೆ.

ಆಗಸ್ಟ್ 13. ಎಡಗೈ ಬರಹ

ತಪ್ಪು ನನ್ನದೇ. ಪೂರ್ತಿ ನನ್ನದೇ.

ಭಾನುವಾರ ಹೊಸ ಉಪಾಯ ಹೊಳೆಯಿತು. ಅತ್ತೆ ಒಪ್ಪಿದ ಸಂತೆಯ ಕೋಳಿಗೆ ಪಕ್ಕದ ಮನೆಯ ಹುಂಜದ ಪುಕ್ಕ ಉಜ್ಜಿದೆ. ಅರ್ಧ ಗಂಟೆ. ಕೋಳಿಗೆ ಹತ್ತಿದ ವಾಸನೆಯ ಎರಡರಷ್ಟು ನನ್ನ ತೋಳಿಗೆ ಹತ್ತಿತ್ತು. ಆಗ ಕಂಡಿತು—ತೊಟ್ಟಿಯ ನೀರು ಹೊಲಸು. ಒಂದು ನಿಮಿಷದ ಕೆಲಸ ಎಂದುಕೊಂಡೆ. ಕೈ ತೊಳೆಯಲಿಲ್ಲ. ಕೊಕ್ಕೆ ತಟ್ಟಲಿಲ್ಲ. ಒಬ್ಬನೇ.

ಬಲ ಮುಂಗೈ ಹಿಡಿದಳು. ನೋವು ತಿಳಿಯುವ ಮೊದಲೇ ಮೂರು ಸುತ್ತು, ಕೊನೆಯದು ಎದೆಗೆ. ಕೂಗಿದೆನೋ ಇಲ್ಲವೋ. ಅತ್ತೆ ಕುಡುಗೋಲು ಹಿಡಿದು ಬಂದರು, ಹಿಂದೆ ಮುರ್ನಿ, ಹೊಟ್ಟೆ ಹಿಡಿದುಕೊಂಡು. ಅತ್ತೆ ಕೈ ಎತ್ತಿದ್ದರು.

“ಬೇಡ ಅಮ್ಮಾ,” ಅಂದೆ. “ಮುರ್ನಿಗೆ ತಿಂಗಳು ತುಂಬಿದೆ, ಕೊಲ್ಲಬಾರದು. ಬಾಲದಿಂದ ಬಿಡಿಸಿ.”

ಕುಡುಗೋಲು ಬಿಸಾಕಿದರು. ಅರವತ್ತೆರಡರ ಹೆಂಗಸು, ಹಲ್ಲಿಗೂ ಹೆದರುವವರು. ಬಾಲ ಹಿಡಿದು, ಅಣ್ಣನ ಹೆಸರಲ್ಲಿ ಹಾವಿಗೆ ಬಾಯಿಗೆ ಬಂದಂತೆ ಬೈಯುತ್ತ, ಒಂದೊಂದೇ ಸುತ್ತು ಬಿಚ್ಚಿದರು. ಬಾಯಿಗೆ ನೀರು ಸುರಿದದ್ದು ಮುರ್ನಿ. ಲುರಾ ಬಿಟ್ಟಳು. ಹದಿನಾಲ್ಕು ಹೊಲಿಗೆ.

ಆಗಸ್ಟ್ 14

ಮುರ್ನಿ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು.

“ಅದು ಹಸಿದಿತ್ತು ಕಣ್ರೀ. ಅದರ ಮೇಲೆ ನಂಗೆ ಕೋಪ ಇಲ್ಲ. ಆದ್ರೆ ಅದಿರೋ ಮನೆಗೆ ಮಗು ಕರ್ಕೊಂಡು ಬರಲ್ಲ.”

ಕ್ಲಾತೆನ್ ಊರಿನ ಮುಲ್ಜೊನೊಗೆ ಫೋನ್ ಮಾಡಿದೆ. ಇಂಥ ಆರು ಹೆಬ್ಬಾವು ಸಾಕಿದವರು, ಕೆಲಸಕ್ಕೆ ಇಬ್ಬರು ಆಳು, ಜಾಗ ದೊಡ್ಡದು. ಒಪ್ಪಿದರು. ಲಾರಿ ಸಿಗುವುದು 24ಕ್ಕೆ. ಒಂದೇ ಷರತ್ತು: ಅಲ್ಲಿಯವರೆಗೆ ಏನೂ ತಿನ್ನಿಸಬೇಡಿ. ಹೊಟ್ಟೆ ತುಂಬಿದ ಹಾವನ್ನು ಹತ್ತು ದಿನ ಸಾಗಿಸುವಂತಿಲ್ಲ. ದಾರಿಯಲ್ಲಿ ಕಕ್ಕಿದರೆ ಜೀವಕ್ಕೇ ಕುತ್ತು.

ಒಂದು ಗೇಣು ಉದ್ದವಿದ್ದಾಗ ಅಂಗಿಯ ಜೇಬಿನಲ್ಲಿ ತಂದಿದ್ದೆ ಎಂದು ಸುಳ್ಳು ಹೇಳಿ ಹೇಳಿ ನಾನೇ ನಂಬಿದ್ದೇನೆ. ಎರಡು ಗೇಣು ಇದ್ದಳು.

ಆಗಸ್ಟ್ 22, ಮಧ್ಯಾಹ್ನ

ಹೆಣ್ಣು. ಮೂರು ಕಿಲೋ. ತುಟಿ, ಬೆರಳು, ಕಾಲು—ಎಲ್ಲ ಎಣಿಸಿ ನೋಡಿದೆ. ಎರಡು ಸಲ. ಅತ್ತೆ ನೋಡಿ ನಕ್ಕರು.

ಆಸ್ಪತ್ರೆಯಿಂದ ಮಾಸು ತಂದು, ತೊಳೆದು, ಮಡಕೆಯಲ್ಲಿಟ್ಟು ಬಾಗಿಲ ಪಕ್ಕ ಹೂಳಿದೆ. ಅದು ಅಪ್ಪನದೇ ಕೆಲಸ. ಹೊಲಿಗೆಯ ಕೈಗೆ ಗುದ್ದಲಿ ಹಿಡಿಯಲು ಬರಲಿಲ್ಲ, ಎಡಗೈಯಲ್ಲೇ ಅಗೆದೆ. ಮೇಲೆ ದೀಪ ಇಟ್ಟು ಬುಟ್ಟಿ ಮುಚ್ಚಿದೆ.

ಆಗಸ್ಟ್ 24, ಶನಿವಾರ. ಬೆಳಗ್ಗೆ 8

ಮುಲ್ಜೊನೊ ಹತ್ತಕ್ಕೆ ಬರುತ್ತಾರೆ. ಮಗು ಮೂರು ಗಂಟೆಗೆ.

ಅತ್ತೆ ಆಸ್ಪತ್ರೆಯಿಂದ ಬಟ್ಟೆ ಒಯ್ಯಲು ಬಂದರು. ಒಂದು ಕೈಯಲ್ಲಿ ಕಾಲು ಕಟ್ಟಿದ ದಪ್ಪ ಹುಂಜ, ಇನ್ನೊಂದರಲ್ಲಿ ಕತ್ತಿ. ಕತ್ತಿ ಹಾವಿಗೇ ಎಂದುಕೊಂಡೆ.

“ಮಗು ಹುಟ್ಟಿತು, ಇನ್ನು ನಿನ್ನ ಕೈಗೆ ಕಟ್ಟುಪಾಡಿಲ್ಲ,” ಅಂದರು. “ಏಳು ವಾರ ಹೊಟ್ಟೆಗಿಲ್ಲದ ಹಾಗೆ ಮಾಡಿದ್ದು ನಾನು. ಕೊಟ್ಟುಬಿಡು. ಹಸಿದವಳನ್ನ ಮನೆಯಿಂದ ಕಳಿಸಬಾರದು, ತಾರ್ಜೊ.”

ಲುರಾ ಹುಂಜದ ವಾಸನೆ ಹಿಡಿದಾಗಿತ್ತು. ತಲೆ ಎತ್ತಿ ಗಾಜಿಗೆ ಒತ್ತಿ ನಿಂತಳು. ಕೊಟ್ಟರೆ ನುಂಗುತ್ತಾಳೆ, ಎರಡೇ ನಿಮಿಷ. ನುಂಗಿದರೆ ಹತ್ತು ದಿನ ಇಲ್ಲೇ. ಹತ್ತು ದಿನ! ಕತ್ತಿ ಕೈಗೆ ತೆಗೆದುಕೊಂಡೆ. ನಿಜ ಬರೆಯುತ್ತೇನೆ—ತೆಗೆದುಕೊಂಡೆ. ಮುಲ್ಜೊನೊಗೆ ಹೇಳಲು ಸುಳ್ಳೂ ಸಿದ್ಧವಾಗಿತ್ತು.

ಮುರ್ನಿ ಮೂರಕ್ಕೆ ಹೊಸಿಲಲ್ಲಿ ನಿಂತು ಒಳಗೆ ಬಾರದಿರುವುದು ಕಣ್ಣಿಗೆ ಕಟ್ಟಿತು.

ಹುಂಜದ ಕಾಲಿನ ಹಗ್ಗ ಕತ್ತರಿಸಿದೆ. ಅಂಗಳಕ್ಕೆ ಓಡಿತು.

ಕಲ್ಲೆದೆಯವನು ಅಂದರು ಅತ್ತೆ. ಹತ್ತು ದಿನದ ಲೆಕ್ಕ ಹೇಳಬಹುದಿತ್ತು. ಕತ್ತಿ ಎತ್ತಿಟ್ಟು ಸೋಪು ಹುಡುಕಿದೆ.

9.50

ಕೈ ಸೋಪು ಹಾಕಿ ಮೂರು ಸಲ ತೊಳೆದೆ. ಕೊಕ್ಕೆಯಿಂದ ಮೈ ತಟ್ಟಿದೆ. ಇವತ್ತೂ ಊಟವಿಲ್ಲ ತಾಯಿ. ಅರ್ಥವಾಯಿತು ಅವಳಿಗೆ. ತಲೆ ಇಳಿಸಿದಳು.

ಹಾರ್ನ್. ಬಂದದ್ದು ಮುಲ್ಜೊನೊ ಒಬ್ಬರೇ, ಆಳುಗಳು ಬಂದಿಲ್ಲವಂತೆ. ಅವರು ನಡು ಹಿಡಿಯುತ್ತಾರೆ. ಇನ್ನೊಬ್ಬರು ಬೇಕು.

ಅತ್ತೆ ಸೆರಗು ಸೊಂಟಕ್ಕೆ ಬಿಗಿದುಕೊಂಡು ಆಗಲೇ ಗೂಡಿನ ಮುಂದೆ.

“ಬಾ ಬೇಗ. ಬಾಲ ನಂಗೆ ಗೊತ್ತು.”

ತಲೆ ನಾನು—