ಗೇಟಪ್ಪ ಇನ್ನೂ ಬದುಕಿದ್ದಾನೆ

ಭಾನುವಾರ, ಊಟದ ನಂತರ

ಪ್ರೀತಿಯ ಅಕ್ಕಾ,

ಮೂರನೇ ಸಂಪುಟದಲ್ಲಿ ಸತ್ತುಹೋದ ಬಾಗಿಲು ಕಾಯುವ ಮುದುಕ ನಮ್ಮ ಮನೆಯಲ್ಲಿ ಇನ್ನೂ ಸತ್ತಿಲ್ಲ. ಇಷ್ಟು ದಿನ ಇದನ್ನು ಯಾರಿಗೂ ಹೇಳಿರಲಿಲ್ಲ. ನಿನಗೆ ಹೇಳಲು ಇನ್ನೂ ಹೆದರಿಕೆ, ಏಕೆಂದರೆ ಪುಸ್ತಕಗಳು ನಿನ್ನವು. ಆದರೆ ನಾಳೆ ನಾನು ಹೊಸ ಕೆಲಸಕ್ಕೆ ಹೊರಟ ಮೇಲೆ ನೀನು ಬಂದು ಚೀಲ ಇಳಿಸುವ ಮೊದಲೇ ಅಪ್ಪ ಐದನೇ ಸಂಪುಟವನ್ನು ನಿನ್ನ ಕೈಗಿಟ್ಟು "ಓದು" ಅನ್ನುತ್ತಾರೆ. ನೀನು ಅದರಲ್ಲಿ ಇರುವುದನ್ನು ಇದ್ದ ಹಾಗೆ ಓದಿದರೆ ಕೆಲಸ ಕೆಡುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ಕೆಲಸದ ಜಾಗದಲ್ಲಿ ಪುರುಸೊತ್ತಿಲ್ಲ, ಈ ಎರಡು ಕೋಣೆಯ ಮನೆಯಲ್ಲಿ ಎಲ್ಲಿ ನಿಂತು ಪಿಸುಗುಟ್ಟಿದರೂ ಅವರಿಗೆ ಕೇಳಿಸುತ್ತದೆ. ಕಣ್ಣು ಹೋದ ಮೇಲೆ ಕಿವಿ ಹದ್ದಿನ ಕಣ್ಣಿನಂತಾಗಿದೆ. ಅದಕ್ಕೇ ಈ ಪತ್ರ. ಪಕ್ಕದ ಮನೆ ಟೈಲರ್ ಅತ್ತೆಯ ಕೈಯಲ್ಲಿ ಕೊಟ್ಟಿರುತ್ತೇನೆ. ಅಪ್ಪನ ಎದುರು ಕೂರುವ ಮೊದಲು ಇದನ್ನು ಪೂರ್ತಿ ಓದು.

ಓದು ಶುರುವಾದದ್ದು ರೇಡಿಯೋ ಕೆಟ್ಟದ್ದರಿಂದ. ಸಕ್ಕರೆ ಕಾಯಿಲೆ ಕಣ್ಣು ತಿಂದ ಮೇಲೆ ಅಪ್ಪನಿಗೆ ದಿನ ನೂಕುವುದೇ ಕಷ್ಟವಾಗಿತ್ತು. ನೀನು ಮದುವೆಯಾಗಿ ಹೋಗುವಾಗ ಮಂಚದ ಕೆಳಗೆ ಬಿಟ್ಟುಹೋದ ಐದು ದಪ್ಪ ಪುಸ್ತಕಗಳನ್ನು ಎಳೆದು ಧೂಳು ಒರೆಸಿದೆ. ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿ ಮುಗಿಸಿ ಬಂದು ದಿನಾ ಸಂಜೆ ಓದುತ್ತಿದ್ದೆ. ಮೊದಲ ವಾರ ಬರೀ ಗೇಲಿ. "ಈ ಡ್ರ್ಯಾಗನ್ ದಿನಾ ಒಂದು ಹಿಂಡು ಕುರಿ ತಿನ್ನತ್ತೆ ಅಂತಾನಲ್ಲ, ಅದರ ಸಗಣಿ ಎತ್ತೋರು ಯಾರು? ಬರೆದಿದ್ದಾನಾ ನೋಡು" ಅನ್ನುವುದು. ನೋಡಿ, ಬರೆದಿಲ್ಲ ಅಂದರೆ, "ಹಾಗಾದ್ರೆ ಇವನು ಯಾವತ್ತೂ ಕೆಲಸ ಮಾಡಿದೋನಲ್ಲ" ಎಂದು ಲೇಖಕನಿಗೇ ಒಂದು ಏಟು.

ನನಗೂ ಆ ಕಥೆಯ ಮೇಲೆ ಸಿಟ್ಟಿತ್ತು. ನಿನಗೆ ಆ ಬಿಳಿ ಕುದುರೆಯ ಹುಡುಗನೆಂದರೆ ಪ್ರಾಣ, ಗೊತ್ತು. ಅವನು ಗಾಯಗೊಂಡ ಪುಟದಲ್ಲಿ ನಿನ್ನ ಕಣ್ಣೀರಿನ ಕಲೆ ಈಗಲೂ ಇದೆ. ಆದರೆ ಹುಟ್ಟುವಾಗಲೇ ಅಂಗೈಯಲ್ಲಿ ಮಚ್ಚೆ ಇದ್ದು, ಆ ಮಚ್ಚೆ ನೋಡಿ ಬೆಟ್ಟವೂ ಬಾಯಿ ತೆರೆದು ದಾರಿ ಬಿಟ್ಟರೆ, ಅಂಥವನು ಧೈರ್ಯವಂತನಾಗಿರುವುದರಲ್ಲಿ ಏನು ದೊಡ್ಡಸ್ತಿಕೆ? ನನಗೆ ಇಷ್ಟವಾದವಳು ರಾಣಿಗೆ ದ್ರೋಹ ಮಾಡುವ ತಂಗಿ. ನನಗೆ ಸಿಂಹಾಸನ ಬೇಕು ಎಂದು ಬಾಯಿ ಬಿಟ್ಟು ಹೇಳಿದವಳು ಇಡೀ ಕಥೆಯಲ್ಲಿ ಅವಳೊಬ್ಬಳೇ. ಉಳಿದವರೆಲ್ಲ ಬೇಡ ಬೇಡ ಅನ್ನುತ್ತಲೇ ಕಿರೀಟಕ್ಕೆ ತಲೆ ಒಡ್ಡುವವರು.

ಶಾಲೆಯಲ್ಲಿ ನಾನು ಕೆಟ್ಟದ್ದೂ ಬಾಯಿ ಬಿಟ್ಟೇ ಅಲ್ಲವೇ? ಪರೀಕ್ಷೆಯಲ್ಲಿ ನೋಡಿ ಬರೆದವರು ಯಾರು ಅಂದರು, ಮೇಷ್ಟರ ಮಗ ಅಂದೆ. ಕ್ಷಮೆ ಕೇಳು ಅಂದರು. ನಿಜಕ್ಕೆ ಯಾಕೆ ಕ್ಷಮೆ ಎಂದು ಚೀಲ ಹೆಗಲಿಗೇರಿಸಿ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ಬರೆಯುವುದನ್ನು ಓದಿದಾಗ ನಿನಗೆ ಇದು ನೆನಪಿರಬೇಕು.

ಎರಡನೇ ಸಂಪುಟದಲ್ಲಿ ಉತ್ತರದ ಬಾಗಿಲಿನ ಮುದುಕ ಬಂದ. ಮಂತ್ರ ಗೊತ್ತಿಲ್ಲ, ಕತ್ತಿ ಇಲ್ಲ. ಒಂದು ಸ್ಟೂಲು, ಸೊಂಟದಲ್ಲಿ ಬೀಗದಕೈ ಗೊಂಚಲು, ಬಾಯಿ ತುಂಬ ಗೊಣಗಾಟ. ವೀರರೆಲ್ಲ ಬರುತ್ತಾರೆ, ಹೋಗುತ್ತಾರೆ, ಯಾರೂ ಅವನ ಮುಖ ನೋಡುವುದಿಲ್ಲ. ಅಪ್ಪ ಎದ್ದು ಕೂತರು. "ನಿಲ್ಸು, ನಿಲ್ಸು. ಬೆಳಗ್ಗೆಯಿಂದ ಬಾಗಿಲು ತೆಗೀತಾನೆ, ಹಾಕ್ತಾನೆ. ಊಟಕ್ಕೆ ಯಾವಾಗ ಏಳ್ತಾನೆ ಇವನು?" ಬರೆದಿಲ್ಲ ಅಂದೆ. ಅಂದಿನಿಂದ ಅವನು ಗೇಟಪ್ಪನಾದ. ಬಟ್ಟೆ ಅಂಗಡಿಗಳ ಆ ದೊಡ್ಡ ಕಟ್ಟಡದಲ್ಲಿ ಅಪ್ಪ ಜೀವಮಾನವೆಲ್ಲ ಲಿಫ್ಟ್ ನಡೆಸಿದರೂ ಮನೆಯಲ್ಲಿ ಅದರ ಸುದ್ದಿ ಎತ್ತಿದ್ದು ನೆನಪಿದೆಯೇ ನಿನಗೆ? ಗೇಟಪ್ಪ ಬಂದ ಮೇಲೆ ಎಲ್ಲ ಹೊರಗೆ ಬಂತು. ಬಿಸಿಲಿಗೆ ಫ್ಯಾನಿನ ಗಾಳಿ ಸಿಗಲೆಂದು ಏನೂ ಕೊಳ್ಳದೆ ಮೇಲೆ ಕೆಳಗೆ ಓಡಾಡುತ್ತಿದ್ದ ಹೆಂಗಸು, ಜಗಳವಾಡುತ್ತಾ ಹತ್ತಿ ಮೂರನೇ ಮಹಡಿಗೆ ರಾಜಿಯಾಗಿ ಇಳಿಯುತ್ತಿದ್ದ ಗಂಡ ಹೆಂಡತಿ. "ಎಲ್ಲರನ್ನೂ ಮೇಲಕ್ಕೆ ತಂದೋನು ನಾನೇ. ನಾನು ಮಾತ್ರ ಕೂತಲ್ಲೇ ಮೇಲೆ ಹೋದೆ, ಕೂತಲ್ಲೇ ಕೆಳಗೆ ಬಂದೆ" ಎಂದು ಅವರೇ ನಗುತ್ತಿದ್ದರು.

ಆಮೇಲೆ ಆಸ್ಪತ್ರೆಯ ಆ ದಿನ ಬಂತು. ಡಾಕ್ಟರು ನನ್ನನ್ನು ಹೊರಗೆ ಕರೆದು, ಕಿಡ್ನಿ ಎರಡೂ ಕೈಕೊಟ್ಟಿವೆ, ಇನ್ನು ನೋವಾಗದಂತೆ ನೋಡಿಕೊಳ್ಳುವುದಷ್ಟೇ ಅಂದರು. ಆಟೋದಲ್ಲಿ ಅಪ್ಪ ಕೇಳಿದರು, "ಏನಂದ ಅವನು? ಸುತ್ತಿಬಳಸಿ ಹೇಳಬೇಡ." ನಾನು ಸುತ್ತಿಬಳಸಲಿಲ್ಲ. ಇನ್ನು ಔಷಧ ನಾಟುವುದಿಲ್ಲವಂತೆ ಅಂದೆ. ಅಪ್ಪ "ಸರಿ ಬಿಡು" ಅಂದರು. ಮನೆಗೆ ಬಂದು ಮಲಗಿದ ಮೇಲೆ, "ಪುಸ್ತಕ ತೆಗಿ. ಗೇಟಪ್ಪ ಒಬ್ಬನೇ ಇದ್ದಾನೆ ಅಲ್ಲಿ" ಅಂದರು.

ಆ ಪುಟ ನಿನಗೆ ಗೊತ್ತು. ಶತ್ರುಗಳು ದೂಡುತ್ತಿದ್ದಾರೆ, ಅವನು ಬೆನ್ನು ಕೊಟ್ಟು ಬಾಗಿಲು ಹಿಡಿದಿದ್ದಾನೆ, ಒಳಗಿನವರೆಲ್ಲ ಪಾರಾಗುತ್ತಾರೆ. ಬೆಳಕು ಹರಿದ ಮೇಲೆ ಬಾಗಿಲು ತೆರೆಯಲು ಅವನ ಹೆಣವನ್ನು ಸರಿಸಬೇಕಾಗುತ್ತದೆ. ನನ್ನ ಕಣ್ಣು ಆ ಸಾಲಿಗೆ ಮೊದಲೇ ಹೋಗಿಬಿಟ್ಟಿತ್ತು. ಅಪ್ಪ ನನ್ನ ಮಣಿಕಟ್ಟು ಹಿಡಿದುಕೊಂಡು "ಆಮೇಲೆ?" ಅಂದರು. ಅಪ್ಪನ ಸಾವನ್ನು ಅಪ್ಪನಿಗೇ ಹೇಳಿದ ಬಾಯಿಂದ ಗೇಟಪ್ಪನ ಸಾವು ಹೊರಡಲಿಲ್ಲ. "ಅಗುಳಿ ಹಾಕಿ, ಬೆವರು ಒರೆಸಿಕೊಂಡು ಸ್ಟೂಲಿನ ಮೇಲೆ ಕೂತ" ಎಂದು ಓದಿದೆ. ಅಪ್ಪ ಕೈ ಬಿಟ್ಟು ನಿಟ್ಟುಸಿರುಬಿಟ್ಟರು. ಅಷ್ಟೇ ಆದದ್ದು.

ಒಂದು ಸಾಲಿಗೆ ಮುಗಿಯುತ್ತದೆ ಅಂದುಕೊಂಡಿದ್ದೆ. ನಾಲ್ಕನೇ ಸಂಪುಟದಲ್ಲಿ ಅವನನ್ನು ನೆನೆದು ಅಳದವರಿಲ್ಲ! ಗಾಳಿಯೊಡನೆ ಮಾತಾಡುವ ಆ ಹುಡುಗಿ ದಿನಾ ಸಮಾಧಿಗೆ ಹೋಗಿ ಹೂವಿಡುತ್ತಾಳೆ. ನಾನು ಅವಳ ಕೈಗೆ ಬುತ್ತಿ ಕೊಟ್ಟು ಕಳಿಸಿದೆ. "ಕೊನೆಗೂ ಒಬ್ಬಳಿಗೆ ಬುದ್ಧಿ ಬಂತು" ಎಂದು ಅಪ್ಪನಿಗೆ ಸಂತೋಷ. ಅವಳು ಸಮಾಧಿಯ ಮುಂದೆ ಕೂತು ಪುಟಗಟ್ಟಲೆ ಒಬ್ಬಳೇ ಮಾತಾಡುತ್ತಾಳೆ. ನಡುನಡುವೆ ಗೇಟಪ್ಪನ ಉತ್ತರ ನಾನು ಹೊಸೆಯಬೇಕು. ಅಂಗಡಿಯಲ್ಲಿ ಪ್ಯಾಂಟಿನ ಗೆರೆ ತೀಡುವಾಗಲೂ ಅದೇ ಯೋಚನೆ. ಒಂದು ಅಂಗಿ ಸುಟ್ಟೂ ಬಿಟ್ಟೆ. ಅಪ್ಪ ಹೊಟ್ಟೆ ಹಿಡಿದು ನಗುವುದು ಆ ಉತ್ತರಗಳಿಗೇ.

ಇಂಜೆಕ್ಷನ್ ಕೊಡಲು ಬರುವ ನರ್ಸಕ್ಕನಿಗೆ ಒಂದು ದಿನ ಅಪ್ಪ, ನನ್ನ ಮಗಳು ತಡ ಮಾಡ್ತಾಳೆ, ಒಂದು ಪುಟ ಓದಮ್ಮ ಅಂದಿದ್ದಾರೆ. ಪಾಪ, ಅವಳು ಗುರುತಿಟ್ಟ ಕಡೆಯಿಂದ ಓದಿದ್ದಾಳೆ: ಮುದುಕ ಸತ್ತು ವರ್ಷ ತುಂಬಿದ ದಿನ ಕೋಟೆಯವರೆಲ್ಲ ದೀಪ ಹಿಡಿದು ಬಂದರು ಎಂದು. ನಾನು ಬಂದಾಗ ಅಪ್ಪ ಕೂಗಾಡುತ್ತಿದ್ದರು. "ಇವಳಿಗೆ ಓದೋಕೇ ಬರಲ್ಲ ಕಣೇ! ಬದುಕಿರೋ ಮನುಷ್ಯನ್ನ ಹೂತು ಬರ್ತಾಳೆ!" ಅವಳು, "ಇರೋದನ್ನೇ ಓದಿದೆ ಮಾರಾಯ್ತಿ, ನೀನೇ ನೋಡು" ಎಂದು ಪುಸ್ತಕ ನನ್ನ ಮುಂದೆ ಹಿಡಿದಳು. ನೋಡಿದೆ. ಅವಳು ಒಂದಕ್ಷರ ತಪ್ಪಿರಲಿಲ್ಲ. "ಬೇರೆ ಯಾವುದೋ ಪುಟ ಓದಿರಬೇಕು" ಅಂದೆ. ಅವಳು ನನ್ನ ಮುಖವನ್ನೇ ನೋಡಿ ಪುಸ್ತಕ ಕೆಳಗಿಟ್ಟಳು. ಮಾರನೇ ದಿನ ಬಾಗಿಲ ಹತ್ತಿರ ಹೇಳಿದಳು, "ನಿಮ್ಮಪ್ಪ ಈಗ ನನ್ನ ಸೂಜಿ ನಂಬಲ್ಲ. ಏನು ಔಷಧಿ, ಸರಿ ನೋಡಿದೀಯಾ, ಅಂತ ಹತ್ತು ಸಲ ಕೇಳ್ತಾರೆ." ಶಾಲೆಯಲ್ಲಿ ನನಗೆ ಏನು ಮಾಡಿದರೋ ಅದನ್ನೇ ನಾನು ಅವಳಿಗೆ ಮಾಡಿದ್ದೆ, ಅಕ್ಕಾ. ಅವಳಿಗೆ ನಿಜ ಹೇಳಿ ಕ್ಷಮೆ ಕೇಳಿದೆ. ಅಪ್ಪನಿಗೆ ಹೇಳಲು ಅವಳೂ ಒಪ್ಪಲಿಲ್ಲ, ನನ್ನಿಂದಲೂ ಆಗಲಿಲ್ಲ.

ಗೇಟಪ್ಪನನ್ನು ಮೆಲ್ಲಗೆ ಸಾಯಿಸಲೂ ನೋಡಿದೆ. ಮೊದಲು ಒಂದು ಕೆಮ್ಮು ಕೊಟ್ಟೆ. ಅಪ್ಪ ಅನ್ನ ಮುಟ್ಟಲಿಲ್ಲ. ಬೆಳಗ್ಗೆ ಎದ್ದವರೇ "ಅವನ ಕೆಮ್ಮು ಹೇಗಿದೆ ನೋಡು, ಬಿಸಿನೀರು ಕುಡೀತಿದ್ದಾನಾ?" ಅಂದರು. ಹಲ್ಲುಜ್ಜುವ ಮೊದಲೇ ಪುಸ್ತಕ ತೆರೆದು ಗುಣಪಡಿಸಿದೆ. ಇನ್ನೊಮ್ಮೆ, ಹೊಸ ಕಾವಲುಗಾರ ಬಂದ, ಗೇಟಪ್ಪ ಬೀಗದಕೈ ಒಪ್ಪಿಸಿ ಊರಿಗೆ ಹೊರಟ ಎಂದು ಓದಿದೆ. "ಸುಳ್ಳು! ಅವನು ಬೀಗದಕೈ ಬಿಟ್ಟುಕೊಡೋ ಆಸಾಮಿಯಲ್ಲ. ಸರಿಯಾಗಿ ಓದು" ಅಂದರು. ಅವನು ನನ್ನ ಕೈಮೀರಿ ಹೋಗಿದ್ದಾನೆ. ಅಪ್ಪನಿಗೆ ಅವನು ನನಗಿಂತ ಚೆನ್ನಾಗಿ ಗೊತ್ತು.

ಈಗ ಉಳಿದಿರುವುದು ಕೊನೆಯ ಅಧ್ಯಾಯ ಮಾತ್ರ. ಅದರಲ್ಲಿ ಕೋಟೆ ಬಿಟ್ಟು ಎಲ್ಲರೂ ಹೊಳೆ ದಾಟುತ್ತಾರೆ, ಬಾಗಿಲು ಹಾಗೇ ತೆರೆದಿರುತ್ತದೆ. ಮುದುಕನ ಹೆಸರೆತ್ತುವವರು ಯಾರೂ ಇಲ್ಲ. ಅಪ್ಪ ಮೂರು ದಿನದಿಂದ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: "ಕೋಟೆ ಖಾಲಿಯಾದ್ಮೇಲೆ ಗೇಟಪ್ಪ ಎಲ್ಲಿಗೆ ಹೋಗ್ತಾನೆ?" ತಲೆನೋವು, ಗಂಟಲು ಕಟ್ಟಿದೆ, ಕರೆಂಟಿಲ್ಲ ಎಂದು ದಿನ ದೂಡಿದ್ದೇನೆ. ಕಣ್ಣು ಕಾಣದವರ ಹತ್ತಿರ ಕರೆಂಟಿಲ್ಲ ಅನ್ನುವ ಮಟ್ಟಕ್ಕೆ ಇಳಿದಿದ್ದೇನೆ. ಎಷ್ಟು ತಿಣುಕಿದರೂ ಅವನಿಗೆ ಹೋಗಲು ಒಂದು ಜಾಗ ಹೊಳೆಯುತ್ತಿಲ್ಲ.

ನೀನು ಓದಿಕೊಂಡವಳು, ನಿನಗೇನಾದರೂ ಹೊಳೆಯಬಹುದು. ಹೊಳೆಯದಿದ್ದರೆ ಇರುವುದನ್ನೇ ಓದು, ನಾನು ತಪ್ಪು ಅನ್ನುವುದಿಲ್ಲ. ಆದರೆ ಅವರು "ಆಮೇಲೆ?" ಅಂದಾಗ ತಡೆಯಬೇಡ. ನೀನು ತಡೆದರೆ ಅವರಿಗೆ ಗೊತ್ತಾಗಿಬಿಡುತ್ತದೆ.

ಮಾತ್ರೆಗಳು ಕಿಟಕಿಯ ಮೇಲಿವೆ. ನೀರು ಹೆಚ್ಚು ಕೊಡಬೇಡ, ಕೇಳುತ್ತಾರೆ, ಕೊಡಬೇಡ. ನರ್ಸಕ್ಕನನ್ನು ಚೆನ್ನಾಗಿ ಮಾತಾಡಿಸು.

ನಿನ್ನ ತಂಗಿ,
ಬುಗುರಿ

ಮರೆತಿದ್ದೆ: ಬೇರೆ ಊರಿನ ಹೋಟೆಲಿನ ಲಾಂಡ್ರಿಯವರು ತಕ್ಷಣ ಕೆಲಸಕ್ಕೆ ಬಾ ಅಂದಿದ್ದಾರೆ ಎಂದು ನಿನಗೆ ಫೋನಿನಲ್ಲಿ ಹೇಳಿದ್ದು ನಿಜವಲ್ಲ. ಕೆಲಸ ಶುರುವಾಗುವುದು ಬರುವ ತಿಂಗಳು. ಮೂರು ದಿನದ ಹಿಂದೆ ಅಪ್ಪ ನನ್ನ ತಲೆ ಸವರಿ, "ಹೆದರಬೇಡ, ಈ ಪುಸ್ತಕ ಮುಗಿಯೋವರೆಗೂ ನಾನು ಎಲ್ಲಿಗೂ ಹೋಗಲ್ಲ" ಅಂದರು. ಅದಾದ ಮೇಲೆ ನನ್ನಿಂದ ಆ ಪುಸ್ತಕ ಮುಟ್ಟಲಾಗಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೇನೆ.