ದಡದ ಮೇಲಿನ ಮಣ್ಣು

ಗುರುವಾರ, ಬೆಳಿಗ್ಗೆ

ನನ್ನ ಪುಟ್ಟಿಗೆ,

ಅಮ್ಮ ಮಾಡುವ ಆಶೀರ್ವಾದ. ಮನಸ್ಸಿಗೆ ಬಂದದ್ದನ್ನು ದಿನಚರಿಯಲ್ಲಿ ಬರೆದು ಸುಮ್ಮನಾಗುವವಳು ನಾನು. ಇವತ್ತು ಅದು ಸಾಲಲಿಲ್ಲ. ನೀವು ಅಗೆಯುವ ಜಾಗದಲ್ಲಿ ಫೋನೂ ಸಿಗುವುದಿಲ್ಲ.

ನೀನು ಪೇಟೆಗೆ ಬಂದಾಗ ಕಳಿಸಿದ ಫೋಟೋ ನೋಡಿದೆ. ಎರಡಾಳು ಆಳದ ಗುಂಡಿಯ ತಳದಲ್ಲಿ ಬ್ರಷ್ ಹಿಡಿದು ನಗುತ್ತಿದ್ದೀಯ. ನಿನ್ನ ಚಿಕ್ಕಪ್ಪ, 'ಬೆಳಿಗ್ಗೆ ಹಳೇ ಮಡಕೆ, ಮಧ್ಯಾಹ್ನ ಲಾಭ-ನಷ್ಟ. ಕೊನೆಗೆ ಒಡೆದ ಮಡಕೇನೇ ಮಾರ್ತಾಳೆ ನೋಡಿ ಅತ್ತಿಗೆ' ಎಂದು ನಕ್ಕ. ನಾನೂ ನಕ್ಕೆ. ಆಮೇಲೆ ಫೋಟೋದ ಕೆಳಗೆ ನೀನು ಬರೆದದ್ದನ್ನು ಓದಿದೆ.

ಪುರಾತತ್ವ, ವ್ಯವಹಾರ ಅರ್ಥಶಾಸ್ತ್ರ ಎರಡನ್ನೂ ಒಟ್ಟಿಗೆ ಓದಿದ್ದು ಕೊನೆಗೂ ಉಪಯೋಗಕ್ಕೆ ಬಂತು ಎಂದಿದ್ದೀಯ. ಮಣ್ಣನ್ನು ಬೇಲಿಯ ತನಕ ಹೊರುವುದರಲ್ಲೇ ಅರ್ಧ ದಿನ ಹೋಗುತ್ತಿತ್ತಂತೆ. ನೀನು ಲೆಕ್ಕ ಹಾಕಿ ತೋರಿಸಿದ ಮೇಲೆ ಜೊತೆಯವರೆಲ್ಲ ಗುಂಡಿಯ ದಡದಲ್ಲೇ ಸುರಿಯುತ್ತಿದ್ದಾರಂತೆ. ಅಗೆತ ನೋಡಿಕೊಳ್ಳುವ ನಿಮ್ಮ ಮೇಷ್ಟ್ರು ಊರಿಗೆ ಹೋಗಿದ್ದಾರೆ, ಸೋಮವಾರ ಬಂದು ಬೆರಗಾಗುತ್ತಾರಂತೆ. ಮತ್ತೆ ಫೋಟೋ ನೋಡಿದೆ. ನಿನ್ನ ತಲೆಯ ಮೇಲೆ, ಅಂಚಿಗೆ ಒತ್ತಿಕೊಂಡು ಆ ರಾಶಿ.

ನಿನ್ನ ಅಪ್ಪ ಪಾಯ ತೋಡುವಾಗ ಮಣ್ಣು ಕುಸಿದು ಹೋದರು ಎಂಬುದಷ್ಟೇ ನಿನಗೆ ಗೊತ್ತು. ಉಳಿದದ್ದು ನನ್ನ ಬಾಯಲ್ಲಿ ಬರಲಿಲ್ಲ. ಊಟದ ಡಬ್ಬಿ ಕೊಡಲು ಹೋದವಳು ಅಲ್ಲೇ ನಿಂತಿದ್ದೆ. ಆಳುಗಳು ದಣಿದಿದ್ದರು. 'ಅಷ್ಟು ದೂರ ಯಾಕ್ರೋ ಹೊರ್ತೀರಿ, ಇಲ್ಲೇ ದಡಕ್ಕೆ ಸುರೀರಿ' ಎಂದು ಗುಂಡಿಯೊಳಗಿಂದ ನಿನ್ನ ಅಪ್ಪನೇ ಹೇಳಿದರು. ಸುರಿದರು. ಸ್ವಲ್ಪ ಹೊತ್ತಿಗೆ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಅದೇನೆಂದು ನನಗೆ ತಿಳಿಯಲಿಲ್ಲ. ಏನು ಸಾರು ಎಂದು ಅವರು ಕೇಳುತ್ತಿದ್ದರು. ನಾನು ಉತ್ತರ ಕೊಡುವಷ್ಟರಲ್ಲಿ ಗೋಡೆ, ರಾಶಿ ಎರಡೂ ಅವರ ಮೇಲಿದ್ದವು.

ಓದು ಬಿಡು ಎನ್ನುವುದಿಲ್ಲ. ಎರಡನ್ನೂ ಓದು. ಆದರೆ ಆ ಮಣ್ಣು ದೂರ ಹೋಗುವ ತನಕ ನೀನೂ ಇಳಿಯಬೇಡ, ಯಾರನ್ನೂ ಇಳಿಯಲು ಬಿಡಬೇಡ. ಜೊತೆಯವರು ನಕ್ಕರೆ, ನಮ್ಮಮ್ಮ ಪುಕ್ಕಲಿ ಅನ್ನು.

ನಿನ್ನ
ಅಮ್ಮ

ಮತ್ತೆ ಸೇರಿಸಿದ್ದು: ಅಂಚೆಗೆ ಹಾಕಲು ಹೊರಟವಳು ನೀವು ಅಗೆಯುವ ಜಾಗಕ್ಕೇ ಬಸ್ಸು ಹತ್ತಿಬಿಟ್ಟೆ. ಕಾವಲಿನವನು, 'ಒಳಗೆ ಬನ್ನಿ, ನೀವೇ ಕೂಗಿ ಕರೀರಿ' ಎಂದ. ದಡಕ್ಕೆ ನನ್ನ ಭಾರವೂ ಬೇಡವೆಂದು ಬೇಲಿಯ ಹತ್ತಿರವೇ ನಿಂತಿದ್ದೇನೆ. ಇಲ್ಲಿಂದ ಕೂಗಿದರೆ ನಿನಗೆ ಕೇಳಿಸದು, ಅದಕ್ಕೆ ಇದನ್ನು ಅವನ ಕೈಲೇ ಕೊಟ್ಟು ಕಳಿಸುತ್ತಿದ್ದೇನೆ. ಲಕೋಟೆಯ ಮೇಲೆ 'ಮೇಲೆ ಬಂದು ಓದು' ಎಂದು ಬರೆದಿದ್ದೇನೆ. ನೀನು ಹಟಮಾರಿ, ಗುಂಡಿಯಲ್ಲೇ ಕೂತು ಓದಿರುತ್ತೀಯ. ಏಳು, ಏಣಿ ಹತ್ತು.